ಆಸರಿಗೆಯ ಬಟ್ಟಲು: ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಹೂವು, ಹಾಲು ಮತ್ತು ಕಷಾಯದ ಚರಿತ್ರೆ

ಶಿವಮೊಗ್ಗ ಜಿಲ್ಲೆಯ ಪಶ್ಚಿಮದಲ್ಲಿ ಘಟ್ಟದ ನೆತ್ತಿಗೆ ಒತ್ತಿಕೊಂಡಿರುವ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ, ವಿಶೇಷವಾಗಿ ಹವ್ಯಕರ ಮನೆಮಾತಿನಲ್ಲಿ, ಬಂದವರಿಗೆ ಮೊದಲು ಕೊಡುವ ಪಾನೀಯಕ್ಕೆ ‘ಆಸರಿಗೆ’ ಎನ್ನುವುದು ರೂಢಿ. ಆಸರು ಎಂದರೆ ಬಾಯಾರಿಕೆ, ನಡೆದು ಬಂದ ದಣಿವು. ಆ ದಣಿವಿಗೆಂದು ಕೊಡುವುದೇ ಆಸರಿಗೆ. ಬೆಲ್ಲದ ತುಂಡಿನೊಡನೆ ತಣ್ಣೀರು, ಮಜ್ಜಿಗೆ, ಪಾನಕ, ಬಿಸಿ ಕಷಾಯ, ಕಾಫಿ ಇವೆಲ್ಲ ಈ ಒಂದೇ ಪದದೊಳಗೆ ಸೇರುತ್ತವೆ. ಬಂದವರ ವಯಸ್ಸು, ಹೊತ್ತು ಮತ್ತು ಹವಾಮಾನವನ್ನು ನೋಡಿ ಇವುಗಳಲ್ಲಿ ಯಾವುದನ್ನು ಕೊಡಬೇಕೆಂದು ಮನೆಯಾಕೆ ನಿರ್ಧರಿಸುತ್ತಾಳೆ. ಇಂದು ನಗರದ ಕೆಫೆಗಳಲ್ಲಿ ‘ಹೂವಿನ ಟೀ ಲ್ಯಾಟೆ’ ಎಂಬ ಹೆಸರಿನಲ್ಲಿ ದೊರೆಯುವ, ಹೂವಿನ ಸಾರಕ್ಕೆ ಬಿಸಿ ಹಾಲು ಬೆರೆಸಿದ ಪಾನೀಯವು ಈ ಸೀಮೆಗೆ ಹೆಸರಿನಲ್ಲಿ ಮಾತ್ರ ಹೊಸದು. ಲ್ಯಾಟೆ ಎಂಬ ಇಟಲಿಯ ಮಾತಿಗೆ ಹಾಲು ಎಂದೇ ಅರ್ಥ. ಬೀಜ, ಬೇರು, ಮೊಗ್ಗು ಅಥವಾ ಹೂವಿನ ಸಾರವನ್ನು ನೀರಿಗೆ ಇಳಿಸಿ, ಬೆಲ್ಲ ಕೂಡಿಸಿ, ಕೊನೆಗೆ ಹಾಲು ಸೇರಿಸುವ ಕ್ರಮ ಇಲ್ಲಿ ಕಷಾಯವೆಂಬ ಹೆಸರಿನಲ್ಲಿ ಬಹುಕಾಲದಿಂದ ನಡೆದುಬಂದಿದೆ.

ಕಷಾಯವೆಂದರೆ ಔಷಧ, ಕಾಯಿಲೆ ಬಿದ್ದಾಗ ಮುಖ ಸಿಂಡರಿಸಿಕೊಂಡು ಕುಡಿಯುವ ಕಹಿ ಎಂಬ ತಿಳಿವಳಿಕೆ ಬಯಲುಸೀಮೆಯಲ್ಲಿ ಸಾಮಾನ್ಯ. ಮಲೆನಾಡಿನ ಈ ಮೂರು ತಾಲ್ಲೂಕುಗಳಲ್ಲಿ ಆ ಅರ್ಥ ಉಳಿದಿದ್ದರೂ, ಅದರ ಪಕ್ಕದಲ್ಲಿಯೇ ಕಷಾಯವು ದಿನನಿತ್ಯದ ಉಪಚಾರವಾಗಿ ಬೇರೊಂದು ಬಾಳು ಬಾಳಿದೆ. ಅಡುಗೆಮನೆಯ ಒಳಗೆ, ಹೆಂಗಸರ ಕೈಯಲ್ಲಿ ಬೆಳೆದ ಈ ಪಾನೀಯದ ಚರಿತ್ರೆಯನ್ನು ಶಾಸ್ತ್ರಗ್ರಂಥ, ವ್ಯಾಪಾರದ ದಾರಿ, ಹಿತ್ತಿಲ ಗಿಡ ಮತ್ತು ಒಲೆಯ ಮೇಲಿನ ಕ್ರಮ ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ಓದಬೇಕಾಗುತ್ತದೆ. ಹಾಗೆ ಓದಿದಾಗ, ಯಾವ ವಸ್ತುವನ್ನು ಕುದಿಸಬೇಕು, ಯಾವುದನ್ನು ಬರಿದೇ ನೆನೆಸಬೇಕು, ಯಾವುದಕ್ಕೆ ಹಾಲು ಒಗ್ಗುತ್ತದೆ, ಯಾವುದಕ್ಕೆ ಒಗ್ಗುವುದಿಲ್ಲ ಎಂಬ ವಿವೇಕವೇ ಈ ಸಂಪ್ರದಾಯದ ತಿರುಳೆಂಬುದು ತಿಳಿಯುತ್ತದೆ.

ಶಾಸ್ತ್ರದಲ್ಲಿ ಕಷಾಯ

ಸಂಸ್ಕೃತದಲ್ಲಿ ಕಷಾಯ ಎಂಬ ಪದಕ್ಕೆ ಒಗರು ಎಂಬ ರಸದ ಅರ್ಥವೂ ಕಾವಿ ಬಣ್ಣದ ಅರ್ಥವೂ ಇವೆ. ಆಯುರ್ವೇದದಲ್ಲಿ ಅದು ದ್ರವ್ಯದ ಸಾರವನ್ನು ಹೊರತೆಗೆಯುವ ವಿಧಾನಗಳಿಗೆಲ್ಲ ಒಟ್ಟು ಹೆಸರು. ಹಿಂಡಿ ತೆಗೆದ ರಸ ಸ್ವರಸ, ಅರೆದ ಮುದ್ದೆ ಕಲ್ಕ, ಕುದಿಸಿ ಬತ್ತಿಸಿದ್ದು ಕ್ವಾಥ, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದ್ದು ಹಿಮ, ಬಿಸಿನೀರು ಹೊಯ್ದು ಮುಚ್ಚಿಟ್ಟು ಸೋಸಿದ್ದು ಫಾಂಟ. ಇವು ಐದು ಕಲ್ಪನೆಗಳು, ಅಂದರೆ ತಯಾರಿಕೆಯ ಬಗೆಗಳು. ಇಂದು ಜಗತ್ತು ಚಹಾ ಮಾಡುವ ಸಾಮಾನ್ಯ ರೀತಿ ಫಾಂಟಕ್ಕೆ ಹತ್ತಿರವಾದರೆ, ಮಲೆನಾಡಿನ ಒಲೆಯ ಮೇಲೆ ಕುದಿಯುವ ಕಷಾಯ ಕ್ವಾಥದ ಬಳಗಕ್ಕೆ ಸೇರುತ್ತದೆ. ಶಾರ್ಙ್ಗಧರ ಸಂಹಿತೆಯು ಕ್ವಾಥಕ್ಕೆ ದ್ರವ್ಯದ 16 ಪಾಲು ನೀರು ಹಾಕಿ ಎಂಟನೆಯ ಒಂದು ಪಾಲು ಉಳಿಯುವಂತೆ ಬತ್ತಿಸಬೇಕೆಂದು ವಿಧಿಸುತ್ತದೆ. ಅದೇ ಗ್ರಂಥ ಕ್ಷೀರಪಾಕವೆಂಬ ಇನ್ನೊಂದು ಬಗೆಯನ್ನೂ ಹೇಳುತ್ತದೆ: ದ್ರವ್ಯದ ಎಂಟು ಪಾಲು ಹಾಲು, ಹಾಲಿನ ನಾಲ್ಕು ಪಾಲು ನೀರು, ಮತ್ತು ನೀರೆಲ್ಲ ಆರಿ ಹಾಲು ಮಾತ್ರ ಉಳಿಯುವವರೆಗೆ ಸಣ್ಣ ಉರಿ. ಹಾಲಿನಲ್ಲಿ ಸಸ್ಯದ ಸಾರವನ್ನು ಇಳಿಸುವ ಕಲೆಗೆ ಭಾರತದಲ್ಲಿ ಇಷ್ಟು ಸ್ಪಷ್ಟವಾದ ಅಳತೆಯ ಪರಂಪರೆಯಿದೆ.

ಹೂವನ್ನು ಕುಡಿಯುವ ನೀರಿಗೆ ಸೇರಿಸುವ ರೂಢಿಗೂ ಕನ್ನಡ ನಾಡಿನಲ್ಲಿ ಹಳೆಯ ಸಾಕ್ಷ್ಯವುಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಪಾನೀಯಗಳ ಸುಖವನ್ನು ವಿವರಿಸುವ ಭಾಗವೊಂದಿದ್ದು, ಕುಡಿಯುವ ನೀರಿಗೆ ಹೂವುಗಳಿಂದಲೂ ಸುಗಂಧದ್ರವ್ಯಗಳಿಂದಲೂ ಪರಿಮಳ ಕೊಡುವ ಕ್ರಮ ಅಲ್ಲಿ ಬರುತ್ತದೆ. ಅದಕ್ಕೂ ನೂರು ವರ್ಷ ಹಿಂದೆ, 1025ರಲ್ಲಿ, ಇಮ್ಮಡಿ ಚಾವುಂಡರಾಯನು ಬರೆದ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥ ಅಡುಗೆ, ಸುಗಂಧ, ವೈದ್ಯ ಮತ್ತು ಕೃಷಿಯನ್ನು ಮನೆವಾರ್ತೆಯ ಒಂದೇ ಕಟ್ಟಿನಲ್ಲಿ ಇಟ್ಟಿತ್ತು. 1508ರ ಸುಮಾರಿನ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವು ಪಾನಕಗಳಿಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿತು. ಈ ಪರಂಪರೆ ಮಲೆನಾಡಿಗೆ ನೇರವಾಗಿ ಮುಟ್ಟುವುದು 1709ರಲ್ಲಿ. ಕೆಳದಿಯ ಅರಸ ಬಸವಪ್ಪ ನಾಯಕನು ಸಂಕಲಿಸಿದ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶದಲ್ಲಿ ರಾಜನೀತಿ, ಸಂಗೀತ, ವೈದ್ಯಗಳ ಜೊತೆಗೆ ಪಾಕಶಾಸ್ತ್ರಕ್ಕೂ ಸ್ಥಾನ ದೊರೆಯಿತು. ಇಂದಿನ ಸಾಗರ ಮತ್ತು ಹೊಸನಗರ ತಾಲ್ಲೂಕುಗಳನ್ನು ಕೇಂದ್ರವಾಗಿ ಉಳ್ಳ ರಾಜ್ಯವೊಂದು ಅಡುಗೆಮನೆಯನ್ನು ವಿದ್ಯೆಯ ಸಾಲಿಗೆ ಸೇರಿಸಿದ್ದು ಈ ಚರಿತ್ರೆಯಲ್ಲಿ ನೆನೆಯಬೇಕಾದ ಸಂಗತಿ.

ಡಬ್ಬಿಯೊಳಗಿನ ಭೂಗೋಳ

ಕೆಳದಿ, ಇಕ್ಕೇರಿ ಮತ್ತು ಬಿದನೂರು ಒಂದಾದ ಮೇಲೊಂದರಂತೆ ರಾಜಧಾನಿಗಳಾಗಿದ್ದ ಕೆಳದಿ ನಾಯಕರ ಆಳ್ವಿಕೆ 1499ರಿಂದ 1763ರವರೆಗೆ, ಅಂದರೆ ಹೈದರಾಲಿಯು ಬಿದನೂರನ್ನು ವಶಪಡಿಸಿಕೊಳ್ಳುವವರೆಗೆ ನಡೆಯಿತು; ಆ ಬಿದನೂರೇ ಇಂದು ಹೊಸನಗರ ತಾಲ್ಲೂಕಿನ ನಗರವೆಂಬ ಊರು. ಈ ರಾಜ್ಯದ ಸಂಪತ್ತಿನಲ್ಲಿ ಕಾಳುಮೆಣಸಿಗೆ ದೊಡ್ಡ ಪಾಲಿತ್ತು. ಘಟ್ಟದ ಮೇಲಿನ ಮೆಣಸು ಎತ್ತಿನ ಹೇರುಗಳಲ್ಲಿ ಇಳಿದು ಬಸರೂರು, ಹೊನ್ನಾವರದಂತಹ ಕರಾವಳಿಯ ಬಂದರುಗಳನ್ನು ಸೇರುತ್ತಿತ್ತು. ಪೋರ್ಚುಗೀಸರು, ಡಚ್ಚರು ಮತ್ತು ಇಂಗ್ಲಿಷರು ಅದಕ್ಕಾಗಿ ನಾಯಕರೊಡನೆ ವ್ಯವಹಾರಕ್ಕೆ ಇಳಿದರು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆಗೆ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ರೋಮಿನ ಪ್ರವಾಸಿಯು, ಅದಕ್ಕೆ ಎಂಟು ವರ್ಷ ಮೊದಲು ಕಾನ್‌ಸ್ಟಾಂಟಿನೋಪಲ್‌ನಿಂದ ಬರೆದ ಪತ್ರದಲ್ಲಿ ತುರ್ಕರು ಕುಡಿಯುವ ಕಾಫಿಯೆಂಬ ಕಪ್ಪು ಪಾನೀಯವನ್ನು ಬಣ್ಣಿಸಿದ್ದ. ಯುರೋಪಿಗೆ ಕಾಫಿಯ ಸುದ್ದಿ ಕೊಟ್ಟ ಮೊದಲಿಗರಲ್ಲಿ ಒಬ್ಬನಾದ ಆತ ಇಕ್ಕೇರಿಯ ಬೀದಿಗಳಲ್ಲಿ ಓಡಾಡುವ ಹೊತ್ತಿಗೆ ಕಾಫಿ ಈ ಸೀಮೆಯ ಬೆಳೆಯೂ ಆಗಿರಲಿಲ್ಲ, ಮನೆಯ ಪಾನೀಯವೂ ಆಗಿರಲಿಲ್ಲ.

ಕಷಾಯದ ಪುಡಿಯ ಡಬ್ಬಿಯನ್ನು ತೆರೆದರೆ ಈ ವ್ಯಾಪಾರದ ನಕ್ಷೆಯೇ ಕಾಣುತ್ತದೆ. ಅದರ ಮುಖ್ಯ ದ್ರವ್ಯಗಳಾದ ಕೊತ್ತಂಬರಿ ಮತ್ತು ಜೀರಿಗೆ ಸದಾ ಒದ್ದೆಯಾಗಿರುವ ಮಲೆನಾಡಿನ ಬೆಳೆಗಳಲ್ಲ. ಒಣಹವೆಯ ಬಯಲುಸೀಮೆಯಿಂದ ಸಂತೆಯ ದಾರಿ ಹಿಡಿದು ಬರಬೇಕಾದವು. ಮೆಣಸು ಮತ್ತು ಏಲಕ್ಕಿ ಮನೆಯ ಅಡಿಕೆ ತೋಟದವು. 1801ರಲ್ಲಿ ಸಾಗರ, ಇಕ್ಕೇರಿ, ನಗರಗಳನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ವರದಿಯಲ್ಲಿ ಅಡಿಕೆಯ ನಡುವೆ ಮೆಣಸು, ಏಲಕ್ಕಿ ಬೆಳೆಯುವ ಈ ತೋಟಗಾರಿಕೆಯನ್ನು ದಾಖಲಿಸಿದ್ದಾನೆ. ದಾಲ್ಚಿನ್ನಿ ಮತ್ತು ರಾಮಪತ್ರೆ ಕಾಡಿನವು. ಲವಂಗವು ದೂರದ ಮಲುಕು ದ್ವೀಪಗಳಿಂದ ಹಡಗೇರಿ ಬಂದ ಮೂಲದ್ದು. ಬೆಲ್ಲ ಆಲೆಮನೆಯದು, ಸಾಗರದ ಕಡೆ ಗಟ್ಟಿ ಬೆಲ್ಲಕ್ಕಿಂತ ಜೋನಿ ಬೆಲ್ಲ, ಎಂದರೆ ಕಬ್ಬಿನ ಹಾಲನ್ನು ಅಚ್ಚಿಗೆ ಬರುವ ಮೊದಲೇ ಇಳಿಸಿ ತುಂಬಿಟ್ಟ ದ್ರವ ಬೆಲ್ಲ, ಹೆಚ್ಚು ಪ್ರಿಯ. ಬಯಲು, ತೋಟ, ಕಾಡು, ಕಡಲು ಈ ನಾಲ್ಕೂ ಕೂಡಿದ ಮೇಲೆಯೇ ಒಂದು ಬಟ್ಟಲು ಸಿದ್ಧವಾಗುತ್ತದೆ.

ಪುಡಿ ಮಾಡುವ ಕಾಲವನ್ನೂ ಮಳೆಯೇ ಗೊತ್ತುಮಾಡಿತು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರಿಗೂ ಹೆಚ್ಚು. ಜೂನ್ ಬಂದ ಮೇಲೆ ಯಾವುದನ್ನೂ ಬಿಸಿಲಿಗೆ ಹರವುವಂತಿಲ್ಲ. ಆದುದರಿಂದ ಬೇಸಗೆಯ ಕೊನೆಯಲ್ಲಿಯೇ ಒಂದು ಪಾವು ಕೊತ್ತಂಬರಿಗೆ ಅರ್ಧ ಪಾವು ಜೀರಿಗೆ, ಚಮಚದ ಲೆಕ್ಕದಲ್ಲಿ ಮೆಂತ್ಯ ಮತ್ತು ಕಾಳುಮೆಣಸು, ಬೆರಳುದ್ದದ ಒಣಶುಂಠಿ, ಕೆಲವು ಏಲಕ್ಕಿ ಎಂಬಂತಹ ಅಳತೆಯಲ್ಲಿ ಸಾಮಾನು ಒಣಗಿಸಿ, ಬೇರೆ ಬೇರೆಯಾಗಿ ಹುರಿದು, ಕುಟ್ಟಿ, ಭರಣಿಗೆ ತುಂಬಿಡುವುದು ವಾಡಿಕೆಯಾಯಿತು. ಮೆಂತ್ಯವನ್ನು ಕೆಂಪಗೆ ಹುರಿಯದಿದ್ದರೆ ಕಹಿ ಉಳಿಯುತ್ತದೆ, ಏಲಕ್ಕಿಯನ್ನು ಹುರಿದರೆ ಪರಿಮಳ ಹಾರುತ್ತದೆ ಎಂಬ ಎಚ್ಚರವನ್ನು ತಾಯಂದಿರು ಮಕ್ಕಳಿಗೆ ಒಲೆಯ ಮುಂದೆಯೇ ದಾಟಿಸಿದರು. ಹವ್ಯಕರು, ದೀವರು, ಒಕ್ಕಲಿಗರು, ಲಿಂಗಾಯತರು ಒಟ್ಟಿಗೆ ಬಾಳುವ ಈ ಸೀಮೆಯಲ್ಲಿ ಅಳತೆ ಮನೆಯಿಂದ ಮನೆಗೆ ಬದಲಾಗುತ್ತದೆ; ಮುಂಗಾರಿನ ಆರಂಭಕ್ಕೆ ಭರಣಿ ತುಂಬಿರಬೇಕೆಂಬ ಲೆಕ್ಕಾಚಾರ ಬದಲಾಗುವುದಿಲ್ಲ.

ಹಿತ್ತಿಲ ಹೂವು

ಕಷಾಯದಲ್ಲಿ ಅತ್ಯಂತ ಹಳೆಯದಾಗಿ ಬಳಕೆಯಾದ ಹೂವುಗಳನ್ನು ಜನರು ಹೂವೆಂದು ಕರೆಯುವುದೇ ಇಲ್ಲ. ಲವಂಗವು ಅರಳುವ ಮೊದಲೇ ಕಿತ್ತು ಒಣಗಿಸಿದ ಮೊಗ್ಗು. ಕೇಸರಿಯು ಹೂವಿನ ಒಳಗಿನ ಶಲಾಕೆಯ ತುದಿ. ನಾಗಕೇಸರವು ಪಶ್ಚಿಮಘಟ್ಟದ ಕಾಡಿನಲ್ಲಿ ಬೆಳೆಯುವ ನಾಗಸಂಪಿಗೆಯ ಕೇಸರಗಳು. ಇವು ಮೂರೂ ಒಣಗಿದರೂ ಗುಣ ಉಳಿಸಿಕೊಳ್ಳುವ ಕಾರಣ ಅಂಗಡಿಯ ಸಾಮಾನಾದವು. ಹಿತ್ತಿಲ ಹಸಿ ಹೂವಿನ ಬಾಳುವೆ ಬೇರೆ. ಅದು ಬೆಳಿಗ್ಗೆ ಅರಳಿ ಸಂಜೆಗೆ ಬಾಡುವಂಥದ್ದು. ಅದರ ಬಳಕೆ ಆಯಾ ಮನೆಯ ಬೇಲಿಯಲ್ಲಿ ಏನಿದೆ ಎಂಬುದನ್ನು ಅವಲಂಬಿಸಿತು.

ಆ ಬೇಲಿಯಲ್ಲಿ ಮೊದಲ ಸ್ಥಾನ ದಾಸವಾಳದ್ದು. ದಾಸವಾಳ ಬೀಜ ಕಟ್ಟುವುದು ಅಪರೂಪ; ಟೊಂಗೆ ಮುರಿದು ನೆಟ್ಟರೆ ಮಾತ್ರ ಅದು ಹರಡುತ್ತದೆ. ಆದುದರಿಂದ ಒಂದು ಹಿತ್ತಿಲಿನ ದಾಸವಾಳ ಇನ್ನೊಂದು ಹಿತ್ತಿಲನ್ನು ತಲುಪಬೇಕಾದರೆ ಒಬ್ಬರು ಕೊಡಬೇಕು, ಒಬ್ಬರು ಒಯ್ಯಬೇಕು. ತವರಿಗೆ ಹೋದವರು ಮರಳುವಾಗ ಒದ್ದೆ ಬಟ್ಟೆಯಲ್ಲಿ ಟೊಂಗೆ ಸುತ್ತಿ ತರುವ ರೂಢಿಯ ಹಿಂದೆ ಈ ಸಸ್ಯಗುಣವಿದೆ. ನೆರೆಯ ಶಿರಸಿಯಲ್ಲಿ 2001ರಲ್ಲಿ ಆರಂಭವಾದ ‘ವನಸ್ತ್ರೀ’ ಎಂಬ ಮಹಿಳೆಯರ ಬಳಗವು ಕೈತೋಟದ ಬೀಜ ಮತ್ತು ಗಿಡಗಳ ವಿನಿಮಯವನ್ನು ಸಂಘಟಿತ ಕೆಲಸವನ್ನಾಗಿ ಮಾಡಿದ್ದೂ ಇದೇ ಹಳೆಯ ರೂಢಿಯ ಮೇಲೆ ನಿಂತು.

ಕೆಂಪು ದಾಸವಾಳದ ಬಟ್ಟಲು ಮಾಡುವ ರೀತಿ ಸರಳವಾದರೂ ಅದರ ಹಿಂದೆ ತಿಳಿವಳಿಕೆಯಿದೆ. ಐದು ದಳಗಳ ನಾಲ್ಕೈದು ಹೂವುಗಳ ಹಸಿರು ತೊಟ್ಟನ್ನೂ ನಡುವಿನ ಪರಾಗದ ಕಡ್ಡಿಯನ್ನೂ ತೆಗೆದು, ದಳಗಳನ್ನು ತೊಳೆದು, ಒಲೆಯಿಂದ ಇಳಿಸಿದ ಎರಡು ಲೋಟ ಕುದಿನೀರಿಗೆ ಹಾಕಿ ಮುಚ್ಚಿಟ್ಟರೆ ಕೆಲವೇ ನಿಮಿಷಗಳಲ್ಲಿ ದಳ ಬಿಳಚಿಕೊಂಡು ನೀರು ನೇರಳೆಗೆ ತಿರುಗುತ್ತದೆ. ಅದಕ್ಕೆ ನಿಂಬೆಯ ನಾಲ್ಕು ಹನಿ ಬಿದ್ದೊಡನೆ ನೇರಳೆ ಹೋಗಿ ತಿಳಿಗೆಂಪು ಬರುತ್ತದೆ. ದಳದಲ್ಲಿರುವ ಆಂಥೋಸಯನಿನ್ ಎಂಬ ವರ್ಣದ್ರವ್ಯವು ಹುಳಿಯಲ್ಲಿ ಕೆಂಪಾಗುವುದೇ ಇದಕ್ಕೆ ಕಾರಣ. ನೀಲಿ ಶಂಖಪುಷ್ಪದ ನೀರು ಇದೇ ರೀತಿ ನಿಂಬೆಗೆ ನೇರಳೆಯಾಗುತ್ತದೆ. ಆದರೆ ನಿಂಬೆ ಹಿಂಡಿದ ಬಟ್ಟಲಿಗೆ ಹಾಲು ಸೇರದು. ಹಾಲನ್ನು ಹುಳಿಯೊಡನೆ ಬೆರೆಸುವುದನ್ನು ಚರಕನ ಕಾಲದಿಂದಲೂ ವಿರುದ್ಧಾಹಾರ, ಅಂದರೆ ಒಂದಕ್ಕೊಂದು ಒಗ್ಗದ ಆಹಾರ, ಎಂದು ಎಣಿಸಲಾಗಿದೆ, ಮತ್ತು ಹಾಲು ಒಡೆಯುವುದನ್ನು ಕಣ್ಣಾರೆ ಕಂಡ ಗೃಹಿಣಿಗೆ ಅದಕ್ಕೆ ಶಾಸ್ತ್ರದ ಪ್ರಮಾಣವೂ ಬೇಕಿಲ್ಲ. ಹೀಗಾಗಿ ಈ ಸೀಮೆಯ ಅಡುಗೆಯಲ್ಲಿ ಹೂವಿಗೆ ಎರಡು ದಾರಿಗಳು ಒದಗಿದವು. ಹುಳಿಗೆ ಒಗ್ಗುವ ದಾಸವಾಳ ಪಾನಕಕ್ಕೂ, ಕೊಬ್ಬರಿಯೊಡನೆ ಅರೆದು ಮಜ್ಜಿಗೆ ಬೆರೆಸುವ ತಂಬುಳಿಗೂ ಹೋಯಿತು. ಲವಂಗ, ಕೇಸರಿಗಳಂತೆ ಪರಿಮಳವೇ ಮುಖ್ಯವಾದವು ಹಾಲಿನ ಜೊತೆಗೆ ಉಳಿದವು. ಬಿಳಿ ದಾಸವಾಳದ ಮೊಗ್ಗನ್ನು ಅರೆದು, ಹುಳಿ ಸೋಕಿಸದೆ, ಹಾಲಿನಲ್ಲಿ ಕೊಡುವ ಮನೆಮದ್ದು ಈ ಎರಡು ದಾರಿಗಳ ನಡುವಿನ ಎಚ್ಚರವನ್ನು ತೋರಿಸುತ್ತದೆ.

ಹೂವನ್ನು ಆರಿಸುವಲ್ಲಿ ಇನ್ನೂ ಕಟ್ಟುನಿಟ್ಟಾದ ಒಂದು ಗೆರೆಯಿತ್ತು. ಪೂಜೆಯ ಹೂಬುಟ್ಟಿಯಲ್ಲಿ ದಾಸವಾಳದ ಪಕ್ಕದಲ್ಲಿಯೇ ಕಣಗಿಲೆ ಇರುತ್ತದೆ. ಕಣಗಿಲೆಯ ಎಲೆ, ಹೂವು, ಬೇರು ಎಲ್ಲವೂ ಹೃದಯಕ್ಕೆ ಮಾರಕವಾದ ವಿಷ. ಉಮ್ಮತ್ತಿಯೂ ಹಾಗೆಯೇ. ಸುರಗಿಯು ಒಣಗಿದಷ್ಟೂ ಕಂಪು ಬಿಡುವ ಹೂವಾದರೂ ಅದರ ಸ್ಥಾನ ಮುಡಿ ಮತ್ತು ಬಟ್ಟೆಯ ಪೆಟ್ಟಿಗೆ. ಪಾರಿಜಾತದ ಕೇಸರಿ ತೊಟ್ಟಿನ ಬಣ್ಣ ರಾಸಾಯನಿಕವಾಗಿ ನಿಜವಾದ ಕೇಸರಿಯ ಬಣ್ಣಕ್ಕೆ ಹತ್ತಿರದ ಬಂಧು, ಆದರೆ ಹಿಂದಿನವರು ಅದನ್ನು ಬಟ್ಟೆಗೆ ಬಣ್ಣ ಕಟ್ಟಲು ಬಳಸಿದರು. ದೇವರಿಗೆ ಏರುವ ಹೂವೆಲ್ಲ ಹೊಟ್ಟೆಗೆ ಇಳಿಯುವಂಥದ್ದಲ್ಲ ಎಂಬ ಈ ಅರಿವು ಸಣ್ಣ ವಯಸ್ಸಿನಲ್ಲಿಯೇ, ಹೂ ಕೊಯ್ಯಲು ಹಿರಿಯರ ಜೊತೆ ಹೋಗುವ ಮಕ್ಕಳಿಗೆ ದಾಟುತ್ತಿತ್ತು.

ಕಾಫಿ ಬಂದ ಮೇಲೆ

19ನೆಯ ಶತಮಾನದಲ್ಲಿ ನೆರೆಯ ಚಿಕ್ಕಮಗಳೂರು ಸೀಮೆಯಲ್ಲಿ ಕಾಫಿ ತೋಟಗಳು ಹಬ್ಬಿದ ಮೇಲೆ, ಆ ಸೀಮೆಯ ಕೊಪ್ಪಕ್ಕೆ ಅಂಟಿಕೊಂಡಿರುವ ತೀರ್ಥಹಳ್ಳಿಗೆ ಕಾಫಿ ಬೀಜ ಹತ್ತಿರದ ಸಾಮಾನಾಯಿತು. ಕಾಫಿ ಇಲ್ಲಿನ ಮನೆಗಳನ್ನು ಹೊಕ್ಕಾಗ ಕಷಾಯದ ಪಾತ್ರೆಯನ್ನೂ ಕ್ರಮವನ್ನೂ ತನ್ನದಾಗಿಸಿಕೊಂಡಿತು: ಬೆಲ್ಲದ ನೀರನ್ನು ಕುದಿಸಿ, ಪುಡಿ ಹಾಕಿ, ಗಸಿ ತಳಕ್ಕೆ ಕೂರುವವರೆಗೆ ಮುಚ್ಚಿಟ್ಟು, ಬಟ್ಟೆಯಲ್ಲಿ ಸೋಸಿ, ಹಾಲು ಬೆರೆಸುವ ಬೆಲ್ಲದ ಕಾಫಿಯು ಪುಡಿಯೊಂದನ್ನು ಬಿಟ್ಟರೆ ಕಷಾಯವೇ ಆಗಿತ್ತು. ಕಾಫಿಯ ಸಾರಕ್ಕೆ ರೂಢಿಯಾದ ಡಿಕಾಕ್ಷನ್ ಎಂಬ ಮಾತಿಗೂ ಕುದಿಸಿ ಇಳಿಸಿದ ಸಾರವೆಂದೇ ಮೂಲಾರ್ಥ. ಚಹಾ ಇನ್ನಷ್ಟು ತಡವಾಗಿ, ಬಹುಮಟ್ಟಿಗೆ ಪೇಟೆಯ ಹೋಟೆಲುಗಳ ಮೂಲಕ ಬಂತು. 1903ರಲ್ಲಿ ಸರ್ಕಾರವು ಚಹಾದ ಮೇಲೆ ಸುಂಕ ವಿಧಿಸಿ ಆ ಹಣವನ್ನು ಪ್ರಚಾರಕ್ಕೆ ಬಳಸತೊಡಗಿದ ನಂತರ ಅದು ದೇಶದ ಉದ್ದಗಲಕ್ಕೂ ಪಸರಿಸಿತು. ಕಾಫಿಗೂ 1942ರ ಕಾಯ್ದೆಯ ಮೂಲಕ ಕಾಫಿ ಮಂಡಳಿಯ ಆಸರೆ ದೊರೆಯಿತು. ಕಷಾಯಕ್ಕೆ ಅಂತಹ ಯಾವ ಮಂಡಳಿಯೂ ಇರಲಿಲ್ಲ. ಅದನ್ನು ಉಳಿಸಿದ್ದು ಮನೆಯ ವಾಡಿಕೆ. ಕಾಫಿ ಕೂಡದ ಮಕ್ಕಳಿಗೆ, ನಿದ್ದೆ ಬಾರದ ಮುದುಕರಿಗೆ, ಬಾಣಂತಿಗೆ, ರಾತ್ರಿಯ ಊಟದ ಅನಂತರದ ಹೊತ್ತಿಗೆ ಕಷಾಯ ಉಳಿಯಿತು. ‘ಕಾಫಿಯೋ, ಕಷಾಯವೋ’ ಎಂಬ ಪ್ರಶ್ನೆ ಇಲ್ಲಿನ ಜಗಲಿಗಳಲ್ಲಿ ಇಂದಿಗೂ ಸಹಜವಾಗಿ ಕೇಳಿಬರುತ್ತದೆ.

ಈ ವಾಡಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು ಪಾನೀಯದ ಪೈಪೋಟಿಯಿಂದಲ್ಲ, ನೆಲ ಕಳೆದುಕೊಂಡದ್ದರಿಂದ. ಶರಾವತಿಗೆ 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟೂ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೂ ಬಂದಾಗ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಹಳ್ಳಿಗಳು, ಗದ್ದೆಗಳು, ಅಡಿಕೆ ತೋಟಗಳು ಹಿನ್ನೀರಿನಲ್ಲಿ ಮುಳುಗಿದವು. ಪರಿಹಾರದ ಲೆಕ್ಕದಲ್ಲಿ ಜಮೀನು, ಮನೆ, ಮರಗಳಿಗೆ ಬೆಲೆ ಕಟ್ಟಬಹುದಾದರೂ, ತಲೆಮಾರುಗಳಿಂದ ಟೊಂಗೆ ತಂದು ಕೂಡಿಸಿದ ಹಿತ್ತಿಲಿಗೆ ಬೆಲೆ ಕಟ್ಟುವ ಬಗೆ ಇರಲಿಲ್ಲ. ಹೊಸ ಊರುಗಳಿಗೆ ಹೋದವರು ಅಳತೆಯನ್ನು ನೆನಪಿನಲ್ಲಿ ಒಯ್ದರು. ಬೇಲಿಯನ್ನು ಮತ್ತೆ ಮೊದಲಿನಿಂದ ನೆಡಬೇಕಾಯಿತು.

ಇಂದಿನ ಬಟ್ಟಲು

1986ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ, ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಧಾರಾವಾಹಿಯು ಆಗುಂಬೆಯಲ್ಲಿ ಚಿತ್ರೀಕರಣಗೊಂಡ ಮೇಲೆ, ಅದರಲ್ಲಿ ಕಾಣುವ ಅಲ್ಲಿನ ದೊಡ್ಡಮನೆಯನ್ನು ನೋಡಲು ಬಂದವರಿಗೆ ಕಷಾಯ ಕೊಡುವ ಉಪಚಾರ ಹೊರಗಿನ ಲೋಕಕ್ಕೂ ಪರಿಚಿತವಾಯಿತು. 2020ರಲ್ಲಿ ಕೊರೊನಾ ಹರಡಿದಾಗ ಆಯುಷ್ ಸಚಿವಾಲಯವು ತುಳಸಿ, ದಾಲ್ಚಿನ್ನಿ, ಒಣಶುಂಠಿ ಮತ್ತು ಕಾಳುಮೆಣಸಿನ ‘ಆಯುಷ್ ಕ್ವಾಥ’ವನ್ನು ಸೂಚಿಸಿದ ಮೇಲೆ ದೇಶವೆಲ್ಲ ಕಷಾಯದ ಮಾತಾಡಿತು, ಆಗ ಅದು ಮತ್ತೊಮ್ಮೆ ಔಷಧವೆಂಬ ಹಣೆಪಟ್ಟಿಯನ್ನೇ ಹೊತ್ತುಕೊಂಡಿತು. ಅದರ ಮತ್ತೊಂದು ಮುಖ, ಮಳೆಯ ಸಂಜೆಯಲ್ಲಿ ಬಂದವರನ್ನು ಬೆಚ್ಚಗಾಗಿಸುವ ಸವಿಯಾದ ಉಪಚಾರವೆಂಬುದು, ಮಲೆನಾಡಿನ ಹೊರಗೆ ಇನ್ನೂ ಅಷ್ಟಾಗಿ ತಿಳಿದಿಲ್ಲ.

ಮನೆಯಲ್ಲಿ ಹೂವಿನ ಲ್ಯಾಟೆ ಮಾಡಲು ಹೊರಟ ಹೊಸ ತಲೆಮಾರಿಗೆ ಈ ಚರಿತ್ರೆಯಿಂದ ಸಿಗುವುದು ಅಭಿಮಾನಕ್ಕಿಂತ ಹೆಚ್ಚಾಗಿ ಒಂದು ಕ್ರಮ. ಪೇಟೆಯ ಹಾರದ ಹೂವಿಗೆ ಕೀಟನಾಶಕ ಬಿದ್ದಿರುತ್ತದೆ, ಅದು ಕುಡಿಯುವುದಕ್ಕಲ್ಲ; ಹೂವು ಗೊತ್ತಿರುವ ಗಿಡದ್ದಾಗಿರಬೇಕು. ಮೊದಲು ಬೆಲ್ಲ ನೀರಿನಲ್ಲಿ ಕರಗಿ ಕುದಿಯಬೇಕು, ಆಮೇಲೆ ಕೊತ್ತಂಬರಿ, ಜೀರಿಗೆ, ಶುಂಠಿಯಂತಹ ಗಟ್ಟಿ ದ್ರವ್ಯಗಳು ಅದರಲ್ಲಿ ಬೇಯಬೇಕು. ಪರಿಮಳದ ಮೃದು ವಸ್ತು ಬೀಳುವುದು ಒಲೆ ಆರಿದ ಮೇಲೆ, ಮುಚ್ಚಳದಡಿಯಲ್ಲಿ. ಹಾಲು ಬೇರೆಯಾಗಿ ಕಾದು, ಕೊಂಚ ತಣಿದ ಕಷಾಯಕ್ಕೆ ಎಲ್ಲಕ್ಕಿಂತ ಕೊನೆಯಲ್ಲಿ ಸೇರಬೇಕು, ಏಕೆಂದರೆ ಬೆಲ್ಲದಲ್ಲಿರುವ ಹುಳಿಯ ಅಂಶಕ್ಕೆ ಕುದಿಯುವ ಹಾಲು ಒಡೆಯುತ್ತದೆ. ಶಾರ್ಙ್ಗಧರನ ಅಳತೆ, ಕೆಳದಿಯ ಮೆಣಸಿನ ದಾರಿ ಮತ್ತು ಹಿತ್ತಿಲ ಟೊಂಗೆ ಕೂಡಿ ರೂಪಿಸಿದ ಈ ಅನುಕ್ರಮ ಬಾಯಿಂದ ಬಾಯಿಗೆ ಬಂದದ್ದು. ಲಿಂಗನಮಕ್ಕಿಯ ಹಿನ್ನೀರು ಹಿತ್ತಿಲುಗಳನ್ನು ನುಂಗಿದಾಗಲೂ ಮುಳುಗದೆ ಉಳಿದದ್ದು ಇದೇ. ಇದರ ಜೊತೆಗೆ ಬೇಲಿಯಲ್ಲಿ ಒಂದು ದಾಸವಾಳದ ಟೊಂಗೆಯನ್ನೂ ನೆಟ್ಟರೆ ಆಸರಿಗೆಯ ಬಟ್ಟಲು ಮತ್ತೆ ಪೂರ್ಣವಾಗುತ್ತದೆ.